ಛೀ ಮೇಷ್ಟ್ರ ಶನಿವಾರದ ತೂಕ

ಶನಿವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಡ್ರಿಲ್ ಮೇಷ್ಟ್ರು ಶಾಲೆಯ ಹಿಂಬದಿಯ ತಗಡಿನ ಶೆಡ್ಡಿನ ಮುಂದೆ ನಿಂತಿದ್ದರು. ಎಡಗೈ ಮೂಗು ಹಿಡಿದಿತ್ತು. ಬಲಗೈ ಇಕ್ಕಳದ ತುದಿಯಲ್ಲಿ ಒಂದು ಹಾಲಿನ ಪ್ಯಾಕೆಟ್ಟನ್ನು ಎತ್ತುತ್ತಿತ್ತು. ಪ್ಯಾಕೆಟ್ಟಿನ ಮೂಲೆಯಲ್ಲಿ ವಾರದ ಹಳೆಯ ಹಾಲು ಗಟ್ಟಿಯಾಗಿ ಹಳದಿಗೆ ತಿರುಗಿತ್ತು. ಅದರೊಳಗೆ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಮೇಷ್ಟ್ರು ಇಕ್ಕಳವನ್ನು ಮೈಯಿಂದ ಇನ್ನಷ್ಟು ದೂರ ಚಾಚಿದರು.

"ಛೀ!" ಎಂದರು.

"ಹಂಗನ್ಬೇಡಿ ಸಾರ್, ಅವಕ್ಕೂ ಬೇಜಾರಾಗುತ್ತೆ," ಎಂದಳು ಶೆಡ್ಡಿನೊಳಗೆ ಕಾಗದ, ಪ್ಲಾಸ್ಟಿಕ್ಕು ಬೇರೆ ಮಾಡುತ್ತ ಕುಳಿತಿದ್ದ ಆಯಮ್ಮ.

ಮೇಷ್ಟ್ರು ನಗಲಿಲ್ಲ. ನಗಬೇಕಾದರೆ ಬಾಯಿ ತೆರೆಯಬೇಕು, ಬಾಯಿ ತೆರೆದರೆ ಆ ಗಾಳಿ ಒಳಗೆ ಹೋಗುತ್ತದೆ.

ಆ ಊರಿನಲ್ಲಿ ಇಂಥ ಕೆಲಸಕ್ಕೆ ಇವರಿಗಿಂತ ಒಗ್ಗದ ಮನುಷ್ಯನನ್ನು ಹುಡುಕಿ ತರುವುದು ಕಷ್ಟವಿತ್ತು. ಇಪ್ಪತ್ತೆರಡು ವರ್ಷದಿಂದ ಅದೇ ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದ ಅವರಿಗೆ ಲೋಕದ ಮುಕ್ಕಾಲು ಭಾಗ ಹೇಸಿಗೆಯಾಗಿಯೇ ಕಾಣುತ್ತಿತ್ತು. ಮದುವೆ ಮನೆಗೆ ಹೋದರೂ ನೀರು ಕುಡಿಯಲು ತಮ್ಮದೇ ಲೋಟ. ಯಾರಾದರೂ ಕೈ ಕುಲುಕಿದರೆ ಆ ಕೈಯನ್ನು ಮೈಗೆ ತಾಗಿಸದೆ ನಲ್ಲಿಯವರೆಗೂ ಹಾಗೆಯೇ ಎತ್ತಿಕೊಂಡು ಹೋಗುತ್ತಿದ್ದರು. ಕೊರಳಿನ ಸೀಟಿಯನ್ನು ವಾರಕ್ಕೊಮ್ಮೆ ಕುದಿಸುತ್ತಿದ್ದರು. ಮಕ್ಕಳು ಮೂಗು ಒರೆಸಿಕೊಂಡರೆ ಛೀ, ಉಗುರು ಕಚ್ಚಿದರೆ ಛೀ. ಹೀಗಾಗಿ ಅವರಿಗೆ ಛೀ ಮೇಷ್ಟ್ರು ಎಂಬ ಹೆಸರು ಬಿದ್ದು, ಆ ಹೆಸರಿಟ್ಟ ಮಕ್ಕಳ ಮಕ್ಕಳೂ ಈಗ ಅದೇ ಶಾಲೆಗೆ ಬರುತ್ತಿದ್ದರು. "ತಾಳಿ ಕಟ್ಟೋ ಮುಂಚೆ ನನ್ನ ಕೈಕಾಲು ತೊಳೆಸಿದ್ರು," ಎಂದು ಅವರ ಹೆಂಡತಿ ನೆಂಟರ ಮುಂದೆ ಹೇಳುವುದಿತ್ತು. "ಪುಣ್ಯಕ್ಕೆ ಕುದಿಸ್ಲಿಲ್ಲ."

ಕಸದ ಕೆಲಸ ಅವರ ಕೊರಳಿಗೆ ಬಿದ್ದದ್ದು ಹೀಗೆ. ಬಿಸ್ಕತ್ತು, ಕರಿದ ತಿಂಡಿ ಮಾಡಿ ಪ್ಯಾಕೆಟ್ಟಿನಲ್ಲಿ ಮಾರುವ ಒಂದು ದೊಡ್ಡ ಕಂಪನಿ ತನ್ನ ಹೆಸರಿನಲ್ಲೇ ಒಂದು ಸೇವಾ ಸಂಸ್ಥೆ ಕಟ್ಟಿಕೊಂಡಿತ್ತು. ಆ ಸಂಸ್ಥೆ ಶಾಲೆಗಳಲ್ಲಿ ಕಸ ಬೇರ್ಪಡಿಸಿ ಮರುಬಳಕೆಗೆ ಕಳಿಸುವ ಯೋಜನೆಗೆ ಹಣ ಕೊಡುತ್ತಿತ್ತು. ಮೊದಲ ವರ್ಷಕ್ಕೆ ಬಣ್ಣದ ತೊಟ್ಟಿಗಳು, ಒಂದು ಶೆಡ್ಡು, ಬೇರ್ಪಡಿಸುವವರಿಗೆ ಸಂಬಳ. ಶರತ್ತು ಒಂದೇ: ವರ್ಷದ ಕೊನೆಗೆ ಗುಜರಿಗೆ ಹೋದ ಒಣ ಕಸ ಒಂದು ಸಾವಿರ ಕೆಜಿ ಮುಟ್ಟಿರಬೇಕು. ಮುಟ್ಟಿದರೆ ಮುಂದಿನ ಮೂರು ವರ್ಷಕ್ಕೂ ಹಣ. ಮುಟ್ಟದಿದ್ದರೆ ತೊಟ್ಟಿಗಳನ್ನು ಶಾಲೆಯೇ ಇಟ್ಟುಕೊಳ್ಳಬಹುದು, ಉಳಿದದ್ದೆಲ್ಲ ಬಂದ್.

ಹೆಡ್ಮಾಸ್ಟರು ಸಭೆಯಲ್ಲಿ ಇದನ್ನು ಓದಿ ಹೇಳಿ, ಜವಾಬ್ದಾರಿ ಯಾರು ತಗೋತೀರಿ ಎಂದಾಗ ಗಣಿತದವರಿಗೆ ಪಾಠ ಮುಗಿದಿರಲಿಲ್ಲ, ವಿಜ್ಞಾನದವರಿಗೆ ಧೂಳು ಆಗುತ್ತಿರಲಿಲ್ಲ, ಭಾಷೆಯವರಿಗೆ ಸೊಂಟ ನೋವು ಅಲ್ಲೇ, ಆ ಕ್ಷಣದಲ್ಲೇ ಶುರುವಾಯಿತು.

"ಮೇಷ್ಟ್ರೇ, ನಿಮ್ದು ಹೇಗೂ ಆಟದ ಪೀರಿಯಡ್ಡು ತಾನೇ," ಎಂದರು ಹೆಡ್ಮಾಸ್ಟರು.

"ಸಾರ್, ನನ್ನ ಸ್ವಭಾವ ನಿಮಗೆ ಗೊತ್ತಲ್ಲ."

"ಅದಕ್ಕೇ ಕೊಡ್ತಿರೋದು. ಕೊಳಕು ಅಂದ್ರೆ ಯಾರಿಗೆ ಆಗಲ್ವೋ ಅವರೇ ಅಲ್ವಾ ಕ್ಲೀನ್ ಮಾಡೋದು?"

ಎಲ್ಲರೂ ಚಪ್ಪಾಳೆ ತಟ್ಟಿದರು. ಬೇರೆಯವರ ಹೆಗಲಿಗೆ ಭಾರ ಬೀಳುವಾಗ ಹೊಡೆಯುವ ಚಪ್ಪಾಳೆಗೆ ಯಾವಾಗಲೂ ಸದ್ದು ಜಾಸ್ತಿ.

ತೊಟ್ಟಿಗಳು ಬಂದವು. ಪ್ರತಿ ತೊಟ್ಟಿಯ ಹೊಟ್ಟೆಯ ಮೇಲೂ ಕಂಪನಿಯ ಹೆಸರು ಅಂಗೈ ಎತ್ತರದ ಅಕ್ಷರಗಳಲ್ಲಿ. ಯಾವ ತೊಟ್ಟಿಗೆ ಏನು ಹಾಕಬೇಕು ಎಂಬುದು ಅದರ ಕೆಳಗೆ, ಇರುವೆ ಗಾತ್ರದಲ್ಲಿ. ಮೊದಲ ವಾರದ ಕೊನೆಗೆ ಮೂರು ಬಣ್ಣದ ತೊಟ್ಟಿಗಳಲ್ಲೂ ಒಂದೇ ಬಣ್ಣದ ಗಲೀಜಿತ್ತು. ಅರ್ಧ ತಿಂದ ಮೊಟ್ಟೆ, ಹಣ್ಣಿನ ರಸ ಜಿನುಗುವ ಡಬ್ಬಿ, ಎಣ್ಣೆ ಹೀರಿದ ಕಾಗದ, ಅಗಿದು ಅಂಟಿಸಿದ ಚೂಯಿಂಗ್ ಗಮ್ಮು. ಯಾರೋ ಮನೆಯಿಂದ ಮಗುವಿನ ಡೈಪರನ್ನೂ ಚೀಲದಲ್ಲಿ ಕಟ್ಟಿ ಕಳಿಸಿದ್ದರು. ಇದಕ್ಕೂ ತೂಕ ಇದೆಯಲ್ಲ ಎಂಬ ಔದಾರ್ಯವಿರಬೇಕು. ಆ ವಾರದ ಶನಿವಾರವೇ ಮೇಷ್ಟ್ರು ಇಕ್ಕಳದಲ್ಲಿ ಹಾಲಿನ ಪ್ಯಾಕೆಟ್ಟು ಎತ್ತಿದ್ದು.

ಅಂದೇ ಅವರು ಸಂಸ್ಥೆಯ ಮೇಡಂಗೆ ಫೋನ್ ಮಾಡಿ ಒಂದು ನಲ್ಲಿ ಬೇಕು ಎಂದರು. ಮೇಡಂ ಆ ಭಾಗದ ಶಾಲೆಗಳ ಯೋಜನೆ ನೋಡಿಕೊಳ್ಳುವವರು, ವಯಸ್ಸು ಚಿಕ್ಕದು, ಮಾತು ಮೆದು.

"ನಲ್ಲಿಗೆ ನಮ್ಮ ಯೋಜನೆಯಲ್ಲಿ ಅವಕಾಶ ಇಲ್ಲ ಸಾರ್. ತೊಟ್ಟಿ ಬೇಕಾದ್ರೆ ಇನ್ನೂ ನಾಲ್ಕು ಕೊಡ್ತೀವಿ."

"ತೊಟ್ಟಿ ಇಟ್ಕೊಂಡು ಏನ್ ಮಾಡ್ಲಿ? ತೊಳೀದೆ ಇದ್ರೆ ಅದು ಕಸ ಅಲ್ಲಮ್ಮ, ಕೊಳೆ. ನಲ್ಲಿ ಮೇಲೂ ನಿಮ್ಮ ಕಂಪನಿ ಹೆಸರು ಬರ್ಕೊಳ್ಳಿ, ನಾನೇನೂ ಅನ್ನಲ್ಲ."

ಹದಿನೈದು ದಿನದಲ್ಲಿ ನಲ್ಲಿ ಬಂತು. ನಲ್ಲಿಗಿಂತ ಅದರ ಮೇಲಿನ ಬೋರ್ಡು ದೊಡ್ಡದಾಗಿತ್ತು.

ನಲ್ಲಿ ಬಂದ ಮೇಲೆ ಮೇಷ್ಟ್ರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಕಸಕ್ಕೂ ಕಲಿಸಿದರು. ಮಧ್ಯಾಹ್ನದ ಊಟ ಮುಗಿಯುತ್ತಲೇ ತರಗತಿಗಳು ಸಾಲಾಗಿ ನಲ್ಲಿಯ ಮುಂದೆ. ಒಂದು ಸೀಟಿಗೆ ಪ್ಯಾಕೆಟ್ಟು ಬಗ್ಗಿಸಿ ಬರಿದು ಮಾಡು. ಎರಡಕ್ಕೆ ನೀರು ಹಾಕಿ ಜಾಲಿಸು. ಮೂರಕ್ಕೆ ಜಾಡಿಸು. ನಾಲ್ಕಕ್ಕೆ ಹಗ್ಗಕ್ಕೆ ನೇತುಹಾಕಿ ಕ್ಲಿಪ್ಪು ಸಿಕ್ಕಿಸು. ಹಿಂದಿನ ಮೈದಾನದ ಉದ್ದಕ್ಕೂ ಹಾಲಿನ ಪ್ಯಾಕೆಟ್ಟುಗಳು ಬಟ್ಟೆಯಂತೆ ಒಣಗುತ್ತಿದ್ದವು. ಗಾಳಿ ಬಂದರೆ ಸಾಲುಸಾಲಾಗಿ ಪಟಪಟ ಎನ್ನುತ್ತಿದ್ದವು. ಬೇರೆ ಶಾಲೆಗಳ ಶೆಡ್ಡುಗಳ ಮುಂದೆ ನಾಯಿಗಳು ಕಾಯುತ್ತಿದ್ದರೆ, ಈ ಶೆಡ್ಡಿನ ಕಡೆಗೆ ನೊಣವೂ ಸುಳಿಯದಂತಾಯಿತು.

ಒಂದು ಮಾತ್ರ ಬಗೆಹರಿಯಲಿಲ್ಲ. ಕಂಪನಿಯ ತಿಂಡಿ ಬರುತ್ತಿದ್ದ ಮಿರುಗುವ ಪ್ಯಾಕೆಟ್ಟನ್ನು ಗುಜರಿಯವನು ಮುಟ್ಟುತ್ತಿರಲಿಲ್ಲ. "ಒಳಗೆ ಒಂದು ಪದರ, ಹೊರಗೆ ಒಂದು ಪದರ. ಬಿಡಿಸೋಕಾಗಲ್ಲ, ಕರಗಿಸೋಕಾಗಲ್ಲ. ನನಗೆ ಬೇಡ," ಎಂದಿದ್ದ. ತೊಳೆದು, ಒಣಗಿಸಿ, ಮಡಿಸಿಟ್ಟ ಅವು ಶೆಡ್ಡಿನ ಮೂಲೆಯಲ್ಲಿ ರಾಶಿ ಬೆಳೆಯುತ್ತ ಹೋದವು. ತೊಟ್ಟಿಯ ಮೇಲಿದ್ದ ಹೆಸರೇ ಆ ರಾಶಿಯ ಒಂದೊಂದು ಪ್ಯಾಕೆಟ್ಟಿನ ಮೇಲೂ ಇತ್ತು. ಮೇಷ್ಟ್ರು ಬಾಗಿಲು ತೆರೆದಾಗಲೆಲ್ಲ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅದೇ. ಹುಳ ಕಂಡಾಗ ಬರುತ್ತಿದ್ದ ಛೀಗಿಂತ ಈ ಛೀ ಬೇರೆ, ಹೊಟ್ಟೆಯಿಂದಲ್ಲ, ಇನ್ನೂ ಕೆಳಗಿನಿಂದ ಬರುತ್ತಿತ್ತು.

ಇನ್ನು ತೂಕ. ಗುಜರಿ ಅಂಗಡಿಯವರ ತಕ್ಕಡಿಯನ್ನು ನಂಬಬಾರದೆಂದು ಸಂಸ್ಥೆಯ ನಿಯಮ. ಹಾಗಾಗಿ ಶಾಲೆಯೇ ವಾರವಾರ ತೂಗಿ ಬರೆದಿಡಬೇಕು, ತಿಂಗಳಿಗೊಮ್ಮೆ ಗುಜರಿಯವನು ಒಯ್ದಾಗ ಅವನ ಚೀಟಿಯನ್ನೂ ಜೊತೆಗಿಡಬೇಕು. ಶಾಲೆಯಲ್ಲಿದ್ದದ್ದು ಮಕ್ಕಳ ತೂಕ ನೋಡುವ, ಮುಳ್ಳು ತಿರುಗುವ ಚಿಕ್ಕ ಯಂತ್ರ. ಅದರ ಮೇಲೆ ಮೂಟೆ ಇಟ್ಟರೆ ಒಂದೋ ಉರುಳುತ್ತಿತ್ತು, ಇಲ್ಲವೇ ಮುಳ್ಳನ್ನೇ ಮುಚ್ಚುತ್ತಿತ್ತು. ಮೇಷ್ಟ್ರು ಒಂದು ಉಪಾಯ ಮಾಡಿದರು. ಮೂಟೆಯನ್ನು ತಾವೇ ಹಿಡಿದು ಯಂತ್ರದ ಮೇಲೆ ನಿಲ್ಲುವುದು, ಒಟ್ಟು ತೂಕದಲ್ಲಿ ತಮ್ಮದನ್ನು ಕಳೆಯುವುದು. ಮೂಟೆ ಮೈಗೆ ತಾಗಬಾರದೆಂದು ಎರಡು ಕೈಗಳನ್ನೂ ಮುಂದೆ ಚಾಚಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮುಳ್ಳನ್ನು ಆಯಮ್ಮ ಬಗ್ಗಿ ನೋಡಬೇಕು.

"ಎಷ್ಟು?"

"ಎಂಬತ್ಮೂರು ಸಾರ್."

"ಕಳಿ ಅರವತ್ತೆಂಟು. ಹದಿನೈದು. ಬರಿ."

ಅವಳು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು.

ಅರವತ್ತೆಂಟು ಮೇಷ್ಟ್ರ ತೂಕ. ಮೊದಲ ಶನಿವಾರ ನೋಡಿಕೊಂಡದ್ದು. ನೋಡುವ ಅಗತ್ಯವೇ ಇರಲಿಲ್ಲ ಎನ್ನಿ. ಮದುವೆಯಾದ ದಿನದಿಂದ ಅವರದು ಅರವತ್ತೆಂಟೇ. ತಮ್ಮ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಹೊಟ್ಟೆ ಬಿಟ್ಟುಕೊಂಡು ಕುಳಿತಿದ್ದಾಗ, ಇವರು ಮದುವೆಯ ಪ್ಯಾಂಟನ್ನೇ ಹಾಕಿಕೊಂಡು ಬಂದು ತೋರಿಸಿದ್ದರು. ಅವರಿಗೆ ಜಂಬವೆಂದು ಇದ್ದದ್ದು ಇದೊಂದೇ.

ಆದರೆ ಶನಿವಾರದ ಕೆಲಸ ಅವರ ತಟ್ಟೆಗೂ ಕೈ ಹಾಕಿತು. ಮೊದಲು ಹೋದದ್ದು ಹಾಲು. ಲೋಟ ಕಂಡರೆ ಆ ಹಳದಿ ಮೂಲೆ ನೆನಪಾಗುತ್ತಿತ್ತು. ಆಮೇಲೆ ಮೊಟ್ಟೆ. ಆಮೇಲೆ ಹಣ್ಣು ಹೆಚ್ಚಿಟ್ಟರೆ ಅದರ ರಸ. ಕೊನೆಗೆ ಎಣ್ಣೆ ಸೋಕಿದ್ದೆಲ್ಲ. ಶನಿವಾರವಂತೂ ಊಟವೇ ಇಲ್ಲ.

"ಇನ್ನೇನು ಉಳಿದಿದೆ ನಿಮಗೆ ತಿನ್ನೋಕೆ? ಉಪ್ಪಾ?" ಎಂದಳು ಹೆಂಡತಿ ಒಂದು ದಿನ, ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತ.

"ಹಸಿವಿಲ್ಲ ಕಣೇ."

"ಪ್ಯಾಂಟು ಜಾರ್ತಿದೆ ನೋಡ್ರಿ. ಎರಡನೇ ಸಲ ಹೊಲಿಗೆ ಹಾಕ್ತಿದೀನಿ."

"ಬಟ್ಟೆ ಹಳೇದಾಯ್ತು. ಹಿಗ್ಗಿದೆ."

"ಬಟ್ಟೆ ಹಿಗ್ಗುತ್ತೆ, ಬೆಲ್ಟೂ ಹಿಗ್ಗುತ್ತೆ, ನೀವು ಮಾತ್ರ ಕಲ್ಲುಕಂಬ!" ಎಂದು ಅವಳು ಸೂಜಿಗೆ ದಾರ ಪೋಣಿಸಿದಳು. ಅವರ ಕೆನ್ನೆಯ ಮೂಳೆ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಮರುದಿನ ಡಬ್ಬಿಗೆ ಹುರಿದ ಕಡಲೆ ತುಂಬಿ ಕಳಿಸಿದಳು. ಎಣ್ಣೆಯಿಲ್ಲ, ರಸವಿಲ್ಲ, ಅಂಟುವುದಿಲ್ಲ. ಅದನ್ನು ಅವರು ತಿಂದರು.

ಗೋಡೆಯ ಮೇಲಿನ ಅಂಕಿಗಳು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದವು. ಮೂಟೆಗಳು ಮಾತ್ರ ಕೈಗೆ ಮೊದಲಿಗಿಂತ ಭಾರವೆನಿಸುತ್ತಿದ್ದವು. ಭಾರವೆನಿಸುವುದು ವಯಸ್ಸಿನಿಂದ ಎಂದುಕೊಂಡರು. ಅಂಕಿ ಇಳಿಯುವುದಕ್ಕೂ ಅವರಲ್ಲಿ ಒಂದು ವಿವರಣೆ ಇತ್ತು, ಅದು ಅವರಿಗೆ ಇಷ್ಟವೂ ಆಗಿತ್ತು: ಮಕ್ಕಳು ಈಗ ಚೆನ್ನಾಗಿ ತೊಳೆಯುತ್ತಿದ್ದಾರೆ, ಕೊಳೆಯ ತೂಕ ಹೋಗಿದೆ, ಉಳಿದದ್ದು ಅಪ್ಪಟ ಪ್ಲಾಸ್ಟಿಕ್ಕು, ಅಪ್ಪಟ ಕಾಗದ.

ಹೆಡ್ಮಾಸ್ಟರಿಗೆ ಆ ಅಪ್ಪಟತನ ರುಚಿಸಲಿಲ್ಲ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ ಶೆಡ್ಡಿಗೆ ಬಂದು ಗೋಡೆ ನೋಡಿ ಹಣೆ ಒತ್ತಿಕೊಂಡರು.

"ಮೇಷ್ಟ್ರೇ, ಇದೇ ರೀತಿ ಹೋದ್ರೆ ಎಂಟುನೂರೂ ಮುಟ್ಟಲ್ಲ. ತೊಳ್ದೂ ತೊಳ್ದೂ ಶಾಲೇನೇ ತೊಳ್ದುಬಿಡ್ತೀರಿ ನೀವು."

"ಕೊಳೆ ತೂಗೋಕೆ ನನ್ನಿಂದಾಗಲ್ಲ ಸಾರ್."

"ಕೊಳೆ ಬೇಡ. ನೀರು? ಕಾಗದದ ಮೂಟೆಗೆ ಒಂದೊಂದು ಬಕೆಟ್ ನೀರು ಹಾಕಿದ್ರೆ ಮುಗೀತಲ್ಲ. ನೀರು ಕ್ಲೀನೇ ತಾನೇ?"

ಮೇಷ್ಟ್ರು ಹೋಗಿ ನಲ್ಲಿಯನ್ನು ಬಿಗಿಯಾಗಿ ಮುಚ್ಚಿದರು. ಮಾರನೇ ಶನಿವಾರ ಬಂದು ನೋಡಿದರೆ ಕಾಗದದ ಎರಡು ಮೂಟೆಗಳು ತೊಪ್ಪೆಯಾಗಿ, ಕೆಳಗೆ ನೀಲಿ ಶಾಯಿಯ ನೀರು ಹರಿದಿತ್ತು. ಬೂಷ್ಟಿನ ಮುಗ್ಗಲು ವಾಸನೆ. ಆಯಮ್ಮ ತಲೆ ತಗ್ಗಿಸಿದಳು. "ನಾನಲ್ಲ ಸಾರ್. ಜವಾನನ ಕೈಲಿ ಹೆಡ್ಮಾಸ್ಟ್ರೇ ಹಾಕ್ಸಿದ್ದು." ಮೇಷ್ಟ್ರು ಅಂದು ತೂಕ ಹಾಕಲಿಲ್ಲ. ಒಂದೊಂದೇ ಹಾಳೆಯನ್ನು ಬೆರಳ ತುದಿಯಲ್ಲಿ ಸುಲಿದು, ಮೈದಾನದಲ್ಲಿ ಹರಡಿ, ಕಲ್ಲಿಟ್ಟು ಒಣಗಿಸಿದರು. ಯಾವುದೋ ಮಗು ಬರೆದ ಗುಣಾಕಾರಗಳು, ತಪ್ಪಿಗೆ ಬಿದ್ದ ಕೆಂಪು ಗೆರೆಗಳು, ಎಲ್ಲ ಕಲಸಿಹೋಗಿದ್ದವು. ಮನುಷ್ಯರು ಇಷ್ಟು ಕೊಳಕಾಗಬಲ್ಲರೆ ಎಂದುಕೊಂಡು ಅವರು ಕೈಯನ್ನು ಮೂರು ಸಲ ತೊಳೆದರು. ಹೆಡ್ಮಾಸ್ಟರ ಮುಖ ನೋಡಿದ್ದಕ್ಕೆ ನಾಲ್ಕನೆಯ ಸಲ.

ಆ ತಿಂಗಳು ಗುಜರಿಯವನು ಬಂದ. ದಪ್ಪ ಮೈ, ಎಣ್ಣೆ ಜಿಡ್ಡಿನ ಅಂಗಿ, ಉಗುರಿನ ಸಂದಿಯಲ್ಲಿ ಕಪ್ಪು. ಅಂಗಡಿಯಲ್ಲಿ ತೂಗಿ ಬರೆದ ಚೀಟಿ ಚಾಚಿದ. ಮೇಷ್ಟ್ರು ಅದನ್ನು ಎಂದಿನಂತೆ ಇಕ್ಕಳದಿಂದ ತೆಗೆದುಕೊಂಡರು. ಗೋಡೆಯ ಮೇಲೆ ಆ ತಿಂಗಳ ಮೊತ್ತ ತೊಂಬತ್ತೆರಡು ಕೆಜಿ. ಚೀಟಿಯಲ್ಲಿ ನೂರ ಹದಿನಾರು.

ಮೊದಲ ತಿಂಗಳುಗಳಲ್ಲೂ ನಾಲ್ಕೈದು ಕೆಜಿ ಹೆಚ್ಚುಕಮ್ಮಿ ಇತ್ತು, ಹೋಗಲಿ ಎಂದು ಬಿಟ್ಟಿದ್ದರು. ಈಗ ಬಕೆಟ್ಟಿನ ನೀರು ಕಣ್ಣ ಮುಂದೆ ಬಂತು. ಎಲ್ಲವೂ ತಾನಾಗಿ ಕೂಡಿಕೊಂಡಿತು.

"ಇಪ್ಪತ್ನಾಲ್ಕು ಕೆಜಿ ಎಲ್ಲಿಂದ ಬಂತು?"

"ನನ್ನನ್ನ ಕೇಳಿದ್ರೆ? ಮುಳ್ಳು ಎಲ್ಲಿ ನಿಲ್ತೋ ಅದನ್ನ ಬರ್ದಿದೀನಿ."

"ನಿನ್ನ ತಕ್ಕಡಿ ಸುಳ್ಳು ಹೇಳುತ್ತೆ."

ಗುಜರಿಯವನು ನಕ್ಕೇಬಿಟ್ಟ. "ಮೇಷ್ಟ್ರೇ, ಇಪ್ಪತ್ತು ವರ್ಷದಿಂದ ಈ ವ್ಯಾಪಾರದಲ್ಲಿದೀನಿ. ತೂಕ ಕಮ್ಮಿ ಹಾಕ್ದೆ ಅಂತ ಬೈದೋರು ಊರ್ತುಂಬ ಇದಾರೆ. ಜಾಸ್ತಿ ಹಾಕ್ದೆ ಅಂತ ಕಾಲು ಕೆರ್ಕೊಂಡು ಜಗಳಕ್ಕೆ ಬಂದಿರೋರು ನೀವೊಬ್ರೇ. ಜಾಸ್ತಿ ತೂಕಕ್ಕೆ ಜಾಸ್ತಿ ದುಡ್ಡು ಕೊಡೋನು ನಾನು. ನನಗೇನು ತಲೆ ಕೆಟ್ಟಿದ್ಯಾ?"

"ಆ ದುಡ್ಡು ನಿನಗೆ ಹೆಡ್ಮಾಸ್ಟರ ಕಡೆಯಿಂದ ವಾಪಸ್ ಬರ್ತಿರಬಹುದು."

ನಗು ನಿಂತಿತು. ಅವನು ತನ್ನ ಅಂಗಿಯನ್ನು ಒಮ್ಮೆ, ಮೇಷ್ಟ್ರ ಕೈಯ ಇಕ್ಕಳವನ್ನು ಒಮ್ಮೆ ನೋಡಿದ.

"ನನ್ನ ಕೈ ಕೊಳಕು ಮೇಷ್ಟ್ರೇ, ಒಪ್ಕೋತೀನಿ. ತಕ್ಕಡಿ ಕೊಳಕಲ್ಲ."

"ಛೀ, ಹೋಗು," ಎಂದರು ಮೇಷ್ಟ್ರು.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಅಂತರ ಬೆಳೆಯಿತು. ಕೊನೆಯ ತಿಂಗಳಲ್ಲಿ ಅದು ನಲವತ್ತು ದಾಟಿತು. ಹೆಡ್ಮಾಸ್ಟರಿಗೆ ಗೊಂದಲವೇ ಇರಲಿಲ್ಲ. "ಎರಡು ತೂಕ ಇದ್ದಾಗ ದೊಡ್ಡದೇ ನಿಜ," ಎನ್ನುತ್ತಿದ್ದರು. ನೀರಿನ ಉಪಾಯವನ್ನು ಅವರು ಆ ಒಂದೇ ಸಲಕ್ಕೆ ಬಿಟ್ಟಿದ್ದರು, ಚೀಟಿಯೇ ದೊಡ್ಡ ಅಂಕಿ ತರುತ್ತಿರುವಾಗ ನೀರು ಯಾಕೆ ಖರ್ಚು? ಆದರೆ ಮೇಷ್ಟ್ರು ನಂಬಲಿಲ್ಲ. ಒಣಗಿದ ಮೂಟೆ ಕಂಡರೂ ಮೂಸಿ ನೋಡುತ್ತಿದ್ದರು.

ವಾರ್ಷಿಕ ಪರೀಕ್ಷೆಗೆ ಮುಂಚೆ ಸಂಸ್ಥೆಯ ಮೇಡಂ ಕೊನೆಯ ಪರಿಶೀಲನೆಗೆ ಬಂದರು. ಶೆಡ್ಡಿನಲ್ಲಿ ಹೆಡ್ಮಾಸ್ಟರು, ಆಯಮ್ಮ, ಮೇಷ್ಟ್ರು. ಗೋಡೆಯ ಒಟ್ಟು ಮೊತ್ತ ಏಳುನೂರ ತೊಂಬತ್ತಾರು. ಚೀಟಿಗಳ ಒಟ್ಟು ಮೊತ್ತ ಸಾವಿರದ ನಲವತ್ತೆಂಟು.

"ಯಾವುದನ್ನ ತಗೊಳ್ಳಿ?" ಎಂದರು ಮೇಡಂ.

"ಚೀಟೀದೇ ಮೇಡಂ. ವ್ಯಾಪಾರಸ್ಥರ ತೂಕ, ನಿಖರವಾಗಿರುತ್ತೆ," ಎಂದರು ಹೆಡ್ಮಾಸ್ಟರು.

"ಚೀಟಿಗಳು ಸುಳ್ಳು," ಎಂದರು ಮೇಷ್ಟ್ರು, ಕಡ್ಡಿ ಮುರಿದಂತೆ. ಬಕೆಟ್ಟಿನ ಕಥೆಯನ್ನು ಬಿಡಿಸಿ ಹೇಳಿದರು. ಗುಜರಿಯವನು ಹೆಡ್ಮಾಸ್ಟರ ಜೊತೆ ಸೇರಿಕೊಂಡು ಅಂಕಿ ಏರಿಸುತ್ತಿದ್ದಾನೆ ಎಂದರು. ಹೇಳುತ್ತ ಹೇಳುತ್ತ ಮೂಲೆಯ ಮಿರುಗುವ ರಾಶಿಯನ್ನೂ ತೋರಿಸಿದರು. "ಇದೂ ಸುಳ್ಳೇ. ನಿಮ್ಮ ಹೆಸರಿರೋ ತೊಟ್ಟಿ, ನಿಮ್ಮ ಹೆಸರಿರೋ ಪ್ಯಾಕೆಟ್ಟು. ತೊಟ್ಟಿ ಕೊಟ್ರಿ. ಪ್ಯಾಕೆಟ್ಟು ಯಾರ ತಲೆಗೆ ಕಟ್ಲಿ?"

ಮೇಡಂ ಮುಖ ಕೆಂಪಾಯಿತು. ಹೆಡ್ಮಾಸ್ಟರು ಇಂಗು ತಿಂದ ಮಂಗನಂತೆ ನಿಂತರು.

"ಸುಳ್ಳು ಚೀಟಿ ಅಂತಾದ್ರೆ ಈ ಶಾಲೇನ ಪಟ್ಟಿಯಿಂದಲೇ ತೆಗೀಬೇಕಾಗುತ್ತೆ ಸಾರ್," ಎಂದರು ಮೇಡಂ ನಿಧಾನಕ್ಕೆ. "ಮುಂದಿನ ವರ್ಷ ಅಷ್ಟೇ ಅಲ್ಲ, ಮುಂದೆ ಯಾವತ್ತೂ ಇಲ್ಲ."

ಆಯಮ್ಮ ಕೈಯಲ್ಲಿದ್ದ ಪ್ಯಾಕೆಟ್ಟುಗಳನ್ನು ಕೆಳಗಿಟ್ಟಳು. ಮೊದಲು ಅವಳು ನಾಲ್ಕು ಮನೆಗಳ ಪಾತ್ರೆ ತಿಕ್ಕುತ್ತಿದ್ದವಳು. ಈ ಸಂಬಳ ಬಂದ ಮೇಲೆ ಅದನ್ನು ಬಿಟ್ಟು, ಅದೇ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದ ಮಗಳನ್ನು ಮನೆಗೆಲಸದಿಂದ ಬಿಡಿಸಿದ್ದಳು. ನಾಲ್ಕು ಮನೆಗಳಿಗೂ ಈಗ ಬೇರೆಯವರು ಬಂದಿದ್ದರು.

"ಸಾರ್, ನೀವು ಹೇಳಿದ್ದು ನಿಜಾನೇ ಇರಬಹುದು," ಎಂದಳು. "ನಾಳೆಯಿಂದ ನಾನು ಎಲ್ಲಿಗೆ ಹೋಗ್ಬೇಕು, ಅದನ್ನೂ ಹೇಳಿಬಿಡಿ."

ಮೇಷ್ಟ್ರು ಗೋಡೆಯ ಅಂಕಿಗಳ ಕಡೆ ತಿರುಗಿದರು.

"ಅವಸರ ಬೇಡ," ಎಂದರು ಮೇಡಂ. "ಗುಜರಿಯವರನ್ನೂ ಕರೆಸಿ. ಅವರ ಯಂತ್ರ, ನಿಮ್ಮ ಯಂತ್ರ, ಎರಡನ್ನೂ ಎದುರುಬದುರು ಇಟ್ಟು ನೋಡೇಬಿಡೋಣ."

ಮರುದಿನ ಗುಜರಿಯವನು ತನ್ನ ದೊಡ್ಡ ಯಂತ್ರವನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಯಾರಿಗೂ ನಮಸ್ಕಾರ ಹೇಳಲಿಲ್ಲ. ಮೈದಾನದಲ್ಲಿ ಯಂತ್ರ ಇಳಿಸಿ, ಸರ್ಕಾರದ ಮುದ್ರೆಯಿದ್ದ ಐದು ಕೆಜಿಯ ಮೂರು ಬಟ್ಟುಗಳನ್ನು ಒಂದೊಂದಾಗಿ ಅದರ ಮೇಲಿಟ್ಟ. ಐದು. ಹತ್ತು. ಹದಿನೈದು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಪ್ರಾರ್ಥನೆಗೆ ನಿಂತಿದ್ದ ಮಕ್ಕಳು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಹಾಗಾದ್ರೆ ಶಾಲೆಯ ಯಂತ್ರ ಕೆಟ್ಟಿರಬೇಕು," ಎಂದರು ಮೇಡಂ. ಅದನ್ನೂ ಪರೀಕ್ಷಿಸಬೇಕಾಯಿತು. ಹೆಡ್ಮಾಸ್ಟರು ಚಪ್ಪಲಿ ಬಿಟ್ಟು ದೊಡ್ಡ ಯಂತ್ರ ಹತ್ತಿದರು. ಎಂಬತ್ತೊಂದು. ಇಳಿದು ಚಿಕ್ಕದನ್ನು ಹತ್ತಿದರು. ಎಂಬತ್ತೊಂದು. ಮಕ್ಕಳ ಸಾಲಿನಲ್ಲಿ ನಗು ಹರಿದಾಡಿತು.

"ಸರಿ, ನನ್ನ ಮಾನ ಹೋಯ್ತು. ಮುಂದೆ?" ಎಂದರು ಹೆಡ್ಮಾಸ್ಟರು.

ಎರಡು ಯಂತ್ರಗಳೂ ಸರಿ. ಶೆಡ್ಡಿನಿಂದ ಕಾಗದದ ಒಂದು ಮೂಟೆ ತಂದರು. ಮೇಷ್ಟ್ರೇ ಮುಟ್ಟಿ, ಮೂಸಿ ನೋಡಿದರು. ಒಣಗಿದ ಕಾಗದ, ಎರಡು ಮಾತಿಲ್ಲ. ದೊಡ್ಡ ಯಂತ್ರದ ಮೇಲೆ ಅದು ಹದಿನೈದು ಕೆಜಿ ತೂಗಿತು. ಮೇಷ್ಟ್ರು ಬೂಟು ಬಿಚ್ಚಿ, ಅದೇ ಮೂಟೆಯನ್ನು ಎತ್ತಿ, ಕೈ ಚಾಚಿ, ಚಿಕ್ಕ ಯಂತ್ರದ ಮೇಲೆ ನಿಂತರು. ಈ ಸಲ ಕಣ್ಣು ಮುಚ್ಚಲಿಲ್ಲ.

"ಎಷ್ಟು?"

"ಎಪ್ಪತ್ತೇಳು ಸಾರ್," ಎಂದಳು ಆಯಮ್ಮ.

"ಕಳಿ ಅರವತ್ತೆಂಟು. ಒಂಬತ್ತು."

"ಚಿಕ್ಕ ಯಂತ್ರ ಹಳೇದು, ಒಂದೊಂದ್ಸಲ ಹಿಡ್ಕೊಳ್ಳುತ್ತೆ," ಎಂದು ಗೊಣಗಿದರು ಹೆಡ್ಮಾಸ್ಟರು. ಮೇಡಂ ನಿಟ್ಟುಸಿರು ಬಿಟ್ಟು, "ಎರಡೂ ತೂಕ ಹೊಂದ್ತಾ ಇಲ್ಲ ಅಂತ ವರದಿ ಮಾಡ್ತೀನಿ. ತೀರ್ಮಾನ ಮೇಲಿನೋರಿಗೆ ಬಿಟ್ಟದ್ದು," ಎಂದರು. ಗುಜರಿಯವನು ಬಟ್ಟುಗಳನ್ನು ಚೀಲಕ್ಕೆ ಹಾಕತೊಡಗಿದ. ಆಯಮ್ಮ ಮಗಳಿದ್ದ ಸಾಲಿನ ಕಡೆ ನೋಡುತ್ತಿದ್ದಳು.

ಮೇಷ್ಟ್ರು ಮೂಟೆ ಹಿಡಿದು ಹಾಗೆಯೇ ನಿಂತಿದ್ದರು. ಆ ಯಂತ್ರ ಸರಿ. ಈ ಯಂತ್ರ ಸರಿ. ಮೂಟೆ ಒಂದೇ. ಮುಳ್ಳು ಎಪ್ಪತ್ತೇಳು ತೋರಿಸಿದ್ದೂ ಸರಿ. ಕಳೆಯುವ ಲೆಕ್ಕದಲ್ಲಿ ಇರುವುದೇ ಎರಡು ಅಂಕಿ. ಒಂದನ್ನು ಎಲ್ಲರೂ ಕೂಡಿ ಪರೀಕ್ಷಿಸಿದ್ದಾರೆ. ಇನ್ನೊಂದನ್ನು, ಮೊದಲ ಶನಿವಾರದಿಂದ ಇಂದಿನವರೆಗೆ, ಯಾರೂ ಪರೀಕ್ಷಿಸಿಲ್ಲ. ಅವರಿಗೆ ಹಾಲಿನ ಲೋಟ ನೆನಪಾಯಿತು. ಹೆಂಡತಿ ಪೋಣಿಸಿದ ದಾರ ನೆನಪಾಯಿತು. ಬೆಲ್ಟಿಗೆ ಮೊಳೆಯಿಂದ ತಾವೇ ಹೊಡೆದ ತೂತುಗಳು ಸೊಂಟಕ್ಕೆ ಚುಚ್ಚಿದಂತಾಯಿತು.

ಅವರು ಸುಮ್ಮನೆ ಇಳಿದು ಹೋಗಬಹುದಿತ್ತು. ಯಂತ್ರ ಹಿಡಿದುಕೊಳ್ಳುತ್ತದೆ ಎಂದು ಹೆಡ್ಮಾಸ್ಟರೇ ದಾರಿ ಮಾಡಿಕೊಟ್ಟಿದ್ದರು. ಜವಾನನಿಗೂ, ಮಕ್ಕಳಿಗೂ, ಯಾರಿಗೂ ತಿಳಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಊರನ್ನೆಲ್ಲ ಛೀ ಎಂದ ಬಾಯಿ ಮುಚ್ಚಿಕೊಂಡೇ ಇರಬಹುದಿತ್ತು.

ಮೂಟೆಯನ್ನು ಕೆಳಗಿಟ್ಟರು. ಬರಿಗೈಯಲ್ಲಿ ಮತ್ತೆ ಯಂತ್ರದ ಮೇಲೆ ನಿಂತರು. ಆಯಮ್ಮ ಅಭ್ಯಾಸಬಲದಿಂದ ಬಗ್ಗಿದಳು. ಮೇಷ್ಟ್ರು ಬೇಡವೆಂದು ಕೈ ಅಡ್ಡ ಹಿಡಿದರು. ಮುಂದೆ ಮೂಟೆ ಇರಲಿಲ್ಲ, ಮುಳ್ಳು ಅವರಿಗೇ ಕಾಣುತ್ತಿತ್ತು. ಪರೇಡಿನಲ್ಲಿ ಕೂಗುವ ದನಿಯಲ್ಲಿ, ಕೊನೆಯ ಸಾಲಿನ ಮಗುವಿಗೂ ಕೇಳುವಂತೆ ಅದನ್ನು ಓದಿದರು. ಆಮೇಲೆ ಮೆಲ್ಲಗೆ, ತಮಗೆ ತಾವೇ, "ಛೀ" ಎಂದರು.

ಮೊದಲು ನಕ್ಕದ್ದು ಆಯಮ್ಮ. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿಮ್ಮ ಮೈನೇ ಕಸಕ್ಕೆ ಹಾಕಿಬಿಟ್ರಲ್ಲ ಸಾರ್!"

"ಹಾಗಾದ್ರೆ ಸಾವಿರದ ನಲವತ್ತೆಂಟು," ಎಂದರು ಹೆಡ್ಮಾಸ್ಟರು, ಯಾರೂ ಕೇಳುವ ಮೊದಲೇ.

"ಅದರಲ್ಲಿ ನಿಮ್ಮ ಬಕೆಟ್ಟು ಒಂದು ಹನಿಯೂ ಇಲ್ಲ ಸಾರ್," ಎಂದರು ಮೇಷ್ಟ್ರು. "ಆ ಕಾಗದಾನ ನಾನು ಒಣಗಿಸಿಯೇ ಕೊಟ್ಟಿದ್ದೆ."

ಅವರು ಬರಿಗಾಲಲ್ಲೇ ಗುಜರಿಯವನ ಗಾಡಿಯ ಹತ್ತಿರ ಹೋದರು. ಅವನು ಚೀಲದ ಬಾಯಿಗೆ ಗಂಟು ಹಾಕುತ್ತಿದ್ದ, ತಲೆ ಎತ್ತಲಿಲ್ಲ.

"ತಪ್ಪು ನಂದು," ಎಂದರು ಮೇಷ್ಟ್ರು. "ಈ ಮೂಟೆಯ ಚೀಟಿ ಕೊಡಿ."

ಕೊಡಿ ಎಂದದ್ದು ಅವನ ಕಿವಿಗೆ ಬಿತ್ತು. ಜೇಬಿನಿಂದ ಜಿಡ್ಡಿನ ಚೀಟಿ ತೆಗೆದು, ಹದಿನೈದು ಎಂದು ಬರೆದು, ಇಕ್ಕಳಕ್ಕಾಗಿ ಕಾದ. ಮೇಷ್ಟ್ರು ಅಂಗೈ ಚಾಚಿದ್ದರು. "ಆಮೇಲೆ ತೊಳ್ಕೋತೀರಾ?" ಎಂದು ಕೇಳಿದ.

"ತೊಳ್ಕೋತೀನಿ," ಎಂದರು ಮೇಷ್ಟ್ರು. ಅವರಿಗೆ ಸುಳ್ಳು ಬರುತ್ತಿರಲಿಲ್ಲ.

ಗುಜರಿಯವನು ಚೀಟಿ ಕೊಟ್ಟ.

ಮುಂದಿನ ಮೂರು ವರ್ಷಕ್ಕೆ ಹಣ ಬಂತು. ಆಯಮ್ಮನ ಸಂಬಳ ಉಳಿಯಿತು. ಮಿರುಗುವ ಪ್ಯಾಕೆಟ್ಟುಗಳ ಬಗ್ಗೆ ಮೇಡಂ ಮೇಲಿನವರಿಗೆ ಬರೆದರು, ಮೇಲಿನವರು ಇನ್ನೂ ಎಂಟು ತೊಟ್ಟಿ ಕಳಿಸಿದರು. ರಾಶಿ ಶೆಡ್ಡಿನ ಅರ್ಧಕ್ಕೆ ಬೆಳೆದಿದೆ. ಮೇಷ್ಟ್ರು ಬಾಗಿಲು ತೆರೆದಾಗ ಅದರ ಕಡೆ ನೋಡಿ ಅನ್ನಬೇಕಾದದ್ದನ್ನು ಈಗಲೂ ಅನ್ನುತ್ತಾರೆ. ಹಾಲು ಇನ್ನೂ ಸೇರುವುದಿಲ್ಲ, ಕಡಲೆ ಸೇರುತ್ತದೆ.

ಶನಿವಾರದ ತೂಕಕ್ಕೆ ಆ ಶಾಲೆಯಲ್ಲಿ ಈಗೊಂದು ಕ್ರಮವಿದೆ. ಮೂಟೆ ಹಿಡಿಯುವವರು ಯಾರೇ ಆಗಿರಲಿ, ಮೊದಲು ಬರಿಗೈಯಲ್ಲಿ ಯಂತ್ರ ಹತ್ತಿ ತಮ್ಮ ತೂಕವನ್ನು ಗಟ್ಟಿಯಾಗಿ ಕೂಗಿ ಹೇಳಬೇಕು, ಆಮೇಲೆಯೇ ಮೂಟೆ. ಹೊಸ ಮಕ್ಕಳು ಇದೇಕೆ ಹೀಗೆ ಎಂದು ಕೇಳಿದರೆ ಹಳೆಯ ಮಕ್ಕಳು ಕಥೆ ಹೇಳುವುದಿಲ್ಲ. ಎದೆ ಸೆಟೆಸಿ, ಎರಡು ಕೈಗಳನ್ನೂ ಮುಂದೆ ಚಾಚಿ, ಛೀ ಮೇಷ್ಟ್ರು ಅಂದು ಬರಿಗಾಲಲ್ಲಿ ನಿಂತು ಕೂಗಿದ ದನಿಯಲ್ಲೇ ಕೂಗಿ ತೋರಿಸುತ್ತಾರೆ: "ಅರವತ್ತೆರಡು!"